ಅಪ್ಪನ ಬೈಕಿನ ಮಬ್ಬು ದೀಪ

"ನಿಲ್ಲಿಸ್ರೀ! ಯಾರು ಹೇಳಿದ್ದು ಅದನ್ನ ಹಾಗೆ ಉಜ್ಜೋಕೆ?"

ರಾತ್ರಿ ಪಾಳಿ ಮುಗಿಸಿ, ಕಾಲೆಳೆದುಕೊಂಡು ಬಂದ ನರ್ಸ್ ಗ್ಯಾರೇಜಿನ ಬಾಗಿಲಲ್ಲೇ ಕಿರುಚಿದಳು.

ಮೆಕ್ಯಾನಿಕ್ ತಲೆ ಎತ್ತಿದ. ಅವನ ಕೈಯಲ್ಲಿ ಒದ್ದೆ ಮರಳು ಕಾಗದ. ನಿನ್ನೆ ಬರೀ ಮಬ್ಬಾಗಿದ್ದ ಅವಳ ಬೈಕಿನ ಹೆಡ್‌ಲೈಟ್ ಈಗ ಮಜ್ಜಿಗೆ ಬಳಿದಂತೆ ಪೂರ್ತಿ ಬೆಳ್ಳಗಾಗಿತ್ತು!

"ಕ್ಲೀನ್ ಮಾಡಿ ಅಂತ ನೀವೇ..."

"ಕ್ಲೀನ್ ಮಾಡಿ ಅಂದೆ, ಗೀರಿ ಅನ್ಲಿಲ್ಲ! ಅದು ನಮ್ಮಪ್ಪನ ಗಾಡಿ ಕಣ್ರೀ... ಅವರು ಹೋದ್ಮೇಲೆ ನನಗೆ ಉಳಿದಿರೋದು ಇದೊಂದೇ. ಪ್ರತಿ ಭಾನುವಾರ ಸ್ಪಿರಿಟ್ ಹಾಕಿ ನಾನೇ ಒರೆಸ್ತೀನಿ. ನೀವು ಒಂದೇ ಬೆಳಿಗ್ಗೆ ಹಾಳು ಮಾಡಿಬಿಟ್ರಿ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಊದಿಕೊಂಡ ಕಣ್ಣು ನೋಡಿ ಮರಳು ಕಾಗದ ಕೆಳಗಿಟ್ಟ.

"ತಪ್ಪು ನಂದೇ. ಒಂದು ಗಂಟೆ ಕೊಡಿ, ಸರಿ ಮಾಡ್ತೀನಿ."

"ಏನೂ ಬೇಡ!"

ಅರ್ಧ ಕೆಲಸವಾದ ಗಾಡಿಯನ್ನೇ ಹತ್ತಿ ಹೊರಟುಬಿಟ್ಟಳು.

ಮನೆಯಲ್ಲಿ ಮಲಗಿದರೆ ನಿದ್ದೆಯಿಲ್ಲ. ದಣಿವು ಮಿತಿ ಮೀರಿದರೆ ನಿದ್ದೆಯೂ ಹತ್ತಿರ ಸುಳಿಯುವುದಿಲ್ಲ ಎಂಬುದು ಪಾಳಿ ಮಾಡಿದವರಿಗೇ ಗೊತ್ತು. ಇಡೀ ವಾರ್ಡಿಗೆ ಧೈರ್ಯ ಹೇಳುವವಳು ಅವಳು. 'ನೀನು ಊಟ ಮಾಡಿದೆಯಾ?' ಎಂದು ಅವಳನ್ನು ಕೇಳುತ್ತಿದ್ದವರು ಅಪ್ಪ ಒಬ್ಬರೇ. ಅವರ ದೀಪವನ್ನೂ ಕಾಪಾಡಿಕೊಳ್ಳಲಾಗಲಿಲ್ಲವಲ್ಲ...

ಮೂರನೆಯ ದಿನ ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಹೆಂಗಸು ಅವಳನ್ನು ತಡೆದಳು.

"ನಾನು ಗ್ಯಾರೇಜಿನವನ ಅಕ್ಕ. ಅವನು ಹೇಳ್ಬೇಡ ಅಂದಿದಾನೆ, ಅದಕ್ಕೇ ಹೇಳೋಕೆ ಬಂದೆ."

"ಏನು?"

"ಅದು ಗಾಜಲ್ಲಮ್ಮ, ಪ್ಲಾಸ್ಟಿಕ್! ಸ್ಪಿರಿಟ್ ಹಾಕಿ ಒರೆಸೀ ಒರೆಸೀ ಮೇಲಿನ ಪದರ ಹೋಗಿದೆ. ಮಬ್ಬಾಗಿದ್ದೇ ನಿನ್ನಿಂದ. ಉಜ್ಜಿದಾಗ ಮೊದ್ಲು ಬೆಳ್ಳಗಾಗುತ್ತೆ, ಆಮೇಲೆ ಪಾಲಿಶ್ ಹಾಕಿದ್ರೆ ತಿಳಿಯಾಗುತ್ತೆ. ಇಷ್ಟು ಹೇಳೋಕೆ ಅವನಿಗೆ ಬಾಯಿಲ್ವಾ? ಅಪ್ಪನ ಮೇಲಿನ ಪ್ರೀತಿಯಿಂದ್ಲೇ ಕೆಡ್ತು ಅಂತ ಆ ಹುಡುಗಿಗೆ ಹೇಗೆ ಹೇಳ್ಲಿ ಅಂತಾನೆ, ಪೆದ್ದ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು... ಅವಳ ಗಾಡಿ ಸೀದಾ ಗ್ಯಾರೇಜಿಗೆ ಹೋಯಿತು.

ಅವನು ಸ್ಟೂಲು ಎಳೆದು ಕೊಟ್ಟು, ಪಾಲಿಶ್ ಡಬ್ಬಿ ತೆರೆದ.

ಮೆತ್ತನೆಯ ಬಟ್ಟೆ ಸುತ್ತುತ್ತಾ ಹೋಯಿತು. ಬಿಳುಪು ಕರಗಿತು. ಒಳಗಿನ ಬಲ್ಬು ಕಂಡಿತು! ಅವಳು ಅಳತೊಡಗಿದಳು.

"ನಾನೇ ಹಾಳು ಮಾಡ್ಕೊಂಡಿದ್ದು. ನೀವ್ಯಾಕೆ ಬೈಸ್ಕೊಂಡ್ರಿ?"

"ನಿಂತಲ್ಲೇ ಬೀಳೋ ಹಾಗಿದ್ರಿ. ಅದರ ಮೇಲೆ ಇನ್ನೊಂದು ನೋವು ಯಾಕೆ ಅಂತ..." ಅವನು ಬಟ್ಟೆ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ. "ಆವತ್ತಿಂದ ನಿಮ್ದೇ ಯೋಚನೆ. ಊಟ ಮಾಡಿದ್ರೋ ಇಲ್ವೋ, ಮಲಗಿದ್ರೋ ಇಲ್ವೋ..."

ಅವಳಿಗೆ ಇವನ ಮುಂದೆ ಗಟ್ಟಿಗಿತ್ತಿಯಾಗಿ ಕೂರಬೇಕಿಲ್ಲ ಎನಿಸಿತು. ತಲೆ ತಾನಾಗಿಯೇ ಅವನ ಭುಜಕ್ಕೆ ವಾಲಿತು.

"ನಾಳೆನೂ ಬರ್ಲಾ?"

"ಗಾಡಿ ಸರಿಹೋಯ್ತಲ್ಲ?"

"ಗಾಡಿ ಮನೇಲಿ ಬಿಟ್ಟು ಬರ್ತೀನಿ."

ಅವನು ನಕ್ಕ. "ಹಾಗಾದ್ರೆ ವಾಪಸ್ ನಾನೇ ಬಿಟ್ಟು ಬರ್ತೀನಿ. ಈಗ ಅಲುಗಾಡ್ದೆ ಹಾಗೇ ಮಲ್ಕೊಳ್ಳಿ..."