ಕರುಣೆಯ ಕಣ್ಣು

“ಆ ರಾಕ್ಷಸನ ಮಾರಿ ಒಡದುಬಿಡೋ ತಮ್ಮಾ. ಅದು ನಿನ್ನ ಮಾರಿ ಐತಿ.”

ಹಲಗೇರಿಯ ಉಚ್ಚಂಗೆವ್ವ ಬ್ಯಾಡಗಿಗೆ ಬಂದದ್ದೇ ಇದನ್ನು ಹೇಳಲು. ಶಿಲ್ಪಿ ಮನೋಹರ ಹಲ್ಲು ಕಿರಿದ.

ಗುಡಿಯ ಹಿಂದಿನ ತಗಡಿನ ಶೆಡ್ಡಿನ ಕತ್ತಲಲ್ಲಿ ಕಲ್ಲುಧೂಳು, ಹರಳೆಣ್ಣೆ, ಕಮಟು ನಿಂಬೆಹಣ್ಣಿನ ವಾಸನೆ. ನಡುವೆ ಎಂಟು ಕೈಯ ಮಹಿಷಮರ್ದಿನಿ. ಪಾದದಡಿ ಕೋಣ, ಕೋಣದ ಕುತ್ತಿಗೆ ಸೀಳಿ ಅರ್ಧ ಹೊರಬಂದ ರಾಕ್ಷಸ, ಅವನ ಎದೆಗೆ ತ್ರಿಶೂಲ. ಎಲ್ಲವೂ ಉಚ್ಚಂಗೆವ್ವನ ಗಂಡ ಜಟ್ಟೆಪ್ಪನ ಕೈಕೆಲಸ. ಮುದುಕನ ಕೈ ನಡುಗುತ್ತದೆಂದು ಗುಡಿ ಕಮಿಟಿಯವರ ಕಿವಿಯೂದಿ ಅವನನ್ನು ಬಿಡಿಸಿದವನು ಇದೇ ಮನೋಹರ. ಕಲಾಶಾಲೆಯಲ್ಲಿ ಕಲಿತು 2004ರಲ್ಲಿ ಬಂದಿಳಿದ ಜಂಬದ ಆಸಾಮಿ. ಶುದ್ಧ ಸುಳ್ಳು, ಕೈ ನಡುಗುತ್ತಲೇ ಇರಲಿಲ್ಲ. ಕೆಲಸ ಬಿಟ್ಟುಕೊಡಲು ಕಮಿಟಿ ಕೊಟ್ಟ ಒಂಬತ್ತು ದಿನವೂ ಜಟ್ಟೆಪ್ಪ ಉಪವಾಸವಿದ್ದು ರಾಕ್ಷಸನ ಮುಖ ಮುಗಿಸಿದ. ದೇವಿಯ ಕಣ್ಣಷ್ಟೇ ಬಾಕಿಯಿದ್ದಾಗ ಉಳಿ ಕೆಳಗಿಟ್ಟು, ಮನೆಗೆ ಹೋಗಿ ಸತ್ತ.

“ಒಂದೊಂದು ಏಟಿಗೂ ನಿನ್ನ ಹೆಸರು ಹೇಳಿ ಕಡದಾರ. ಬ್ಯಾಡ್ರಿ ಅಂತ ಕಾಲು ಹಿಡದೆ, ಕೇಳಲಿಲ್ಲ. ದೇವಿ ಕಣ್ಣು ತೆರಿಯೋತನಾ ಅದು ಬರೇ ಕಲ್ಲು. ತೆರದಮ್ಯಾಲ ಆ ಮಾರಿಗೆ ಆಗಿದ್ದು ನಿನಗ ಆಗತೈತಿ.”

“ಮಾರಿ ಚಲೋ ಬಂದೈತಿ ಬಿಡಬೇ ಯವ್ವಾ. ದೇವಿ ಜೋಡಿ ನನಗೂ ಪೂಜಿ ಸಿಗತೈತಿ.”

“ಹಂಗಾರ ಕರುಣದ ಅರೆಗಣ್ಣರ ಕೆತ್ತು. ಅಂಥಾ ಕಣ್ಣಿದ್ರ ಕೊಂದು ಮುಕ್ತಿ ಕೊಡತಾಳ.”

“ಕೊಲ್ಲಾಕಿಗೆ ಎಂಥಾ ಕರುಣಾ?”

ಮರುದಿನವೇ ಕಣ್ಣು ಕೆತ್ತಿದ. ಬೇಕೆಂದೇ ಕೆತ್ತಿದ, ನೋಡಿದವರ ಎದೆ ಝಲ್ಲೆನ್ನುವ ಕೆಕ್ಕರುಗಣ್ಣು. ಪ್ರತಿಷ್ಠೆಯ ಮುಂಜಾನೆ ದೃಷ್ಟಿ ತೆರೆಯಲು ಬಂಗಾರದ ಸೂಜಿ ಹಿಡಿದು ಏಣಿ ಹತ್ತಿದ. ಎಡಗಣ್ಣು ತೀಡಿದ. ಬಲಗಣ್ಣು ತೀಡಿದ.

ಜಾಗಟೆ ನಿಂತಿತು. ಎದೆಗೆ ಏನೋ ನಾಟಿತು. ಏಣಿಯಿಂದ ಜಾರಿದ. ಅಂಗಿ ಹರಿದು ನೋಡಿದ. ಮೂರು ತೂತು. ರಕ್ತವಿಲ್ಲ. ಕಲ್ಲುಧೂಳು ಉದುರಿತು. ಸುತ್ತಿಗೆ ಎತ್ತಿದ. ರಾಕ್ಷಸನ ಮುಖಕ್ಕೆ ಬೀಸಿದ. ಕಲ್ಲಿನ ಕಿವಿ ಹಾರಿತು. ಅವನ ಕಿವಿಯೂ ಹಾರಿ ಕೆಳಗೆ ಬಿತ್ತು. ಎರಡನೇ ಏಟು ಹಾಕುವ ಧೈರ್ಯ ಬರಲಿಲ್ಲ.

ಈಗ ಆ ದೇವಿ ಬಲು ಜಾಗೃತ ಎಂದು ಊರೆಲ್ಲ ನಂಬಿದೆ. ಶುಕ್ರವಾರ ಬಂತೆಂದರೆ ಹೆಂಗಸರು ಮಕ್ಕಳಿಗೆ ದೃಷ್ಟಿ ತೆಗೆದ ಒಣಮೆಣಸಿನಕಾಯಿ ತಂದು ರಾಕ್ಷಸನ ಬಾಯಿಗೆ, ಕಣ್ಣಿಗೆ ತಿಕ್ಕುತ್ತಾರೆ. ಮನೋಹರ ಮನೆಯೊಳಗೆ ಉರುಳಾಡಿ ಚೀರುತ್ತಾನೆ. ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಸಾಯುವುದಿಲ್ಲ.

ಕೊನೆಗೊಂದು ಬೆಳಿಗ್ಗೆ ಹಲಗೇರಿಗೆ ಹೋಗಿ ಉಚ್ಚಂಗೆವ್ವನ ಹೊಸ್ತಿಲಿಗೆ ಹಣೆ ಹಚ್ಚಿದ.

“ಯವ್ವಾ, ಆ ಕಣ್ಣು ತಿದ್ದಿಸಬೇ. ನನ್ನನ್ನ ಸಾಯಾಕರ ಬಿಡು.”

“ಜೀವ ಬಂದ ಕಣ್ಣಿಗೆ ಉಳಿ ಹಚ್ಚಾಕ ಬರಂಗಿಲ್ಲೋ. ಅವತ್ತ ಹೇಳಿದ್ದೆ, ನೀ ನಕ್ಕಿ.”

ಅಂದು ಶುಕ್ರವಾರ. ಮುದುಕಿ ಒಳಗೆ ಹೋಗಿ, ಗಡಿಗೆಯಿಂದ ಬೊಗಸೆ ತುಂಬ ಮೆಣಸಿನಕಾಯಿ ತೆಗೆದು ಸೆರಗಿಗೆ ಕಟ್ಟಿಕೊಂಡು, ಅವನನ್ನು ದಾಟಿ ಬ್ಯಾಡಗಿಗೆ ಹೊರಟಳು.