ಗ್ರೀಸ್ ಮೆತ್ತಿದ ಕೈ

“ಮುಟ್ಬೇಡಿ! ಬೆರಳು ಸಿಕ್ಕಾಕೊಳ್ಳುತ್ತೆ!”

ಮಂಗಳಗೌರಿ ಕೂಗಿದ ರಭಸಕ್ಕೆ, ಬೈಕಿನ ಹಿಂಚಕ್ರದತ್ತ ಕೈ ಚಾಚಿದ್ದ ಅಪರಿಚಿತ ಯುವಕ ಬೆಚ್ಚಿ ಹಿಂದೆ ಸರಿದ.

“ಸಾರಿ... ಚೈನು ಕಳಚ್ಕೊಳ್ತಿದೆ ಅನ್ಕೊಂಡೆ.”

“ಕಳಚ್ಕೊಳ್ತಿಲ್ಲ ಕಣ್ರೀ, ನಾನೇ ಬಿಚ್ತಿದ್ದೀನಿ!”

ಅಪ್ಪನ ಹಳೆಯ ಅಂಗಿ ತೊಟ್ಟು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ ಅವಳ ಎರಡೂ ಕೈಗೆ ಗ್ರೀಸ್ ಮೆತ್ತಿತ್ತು. ಒಳಗಿನಿಂದ ಓಡಿಬಂದ ತಾಯಿ ಚೆಲುವಮ್ಮ ಹಣೆ ಚಚ್ಚಿಕೊಂಡರು.

“ಅಯ್ಯೋ ಗೌರಿ! ಕೆ.ಆರ್. ನಗರದ ಗಂಡು ಕಣೇ ಇವ್ರು! ಹನ್ನೊಂದಕ್ಕೆ ಬತ್ತೀವಿ ಅಂದಿದ್ರು, ಈಗ್ಲೇ ಬಂದ್ಬಿಟ್ರು...”

ಹೈಸ್ಕೂಲ್ ಮೇಷ್ಟ್ರು ಮಹದೇವಪ್ರಸಾದ್! ಅವನ ತಾಯಿ ಕಾರಿನಿಂದ ಇಳಿಯುತ್ತಲೇ ಮುಖ ಕಿವುಚಿದರು.

ಗೌರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವಳು ರಾವಂದೂರಿನ ನರ್ಸಮ್ಮ. ಬೆಳಗಾದರೆ ಕಾಡಂಚಿನ ಗಿರಿಜನ ಹಾಡಿಯ ಮಕ್ಕಳಿಗೆ ಲಸಿಕೆ ಹಾಕಬೇಕು. ಬೈಕಿಲ್ಲದೆ ಹೋಗುವುದಾದರೂ ಹೇಗೆ?

“ಹತ್ತು ನಿಮಿಷ ಕೊಡಿ” ಎಂದಳು.

ಸವೆದ ಚೈನಿನ ತುದಿಗೆ ಹೊಸದರ ತುದಿ ಸಿಕ್ಕಿಸಿ ಮೆಲ್ಲಗೆ ಎಳೆದಳು. ಹಳೆಯದು ಹೊರಬಂದಂತೆ ಹೊಸದು ಹಲ್ಲುಚಕ್ರವನ್ನು ಸುತ್ತಿ ಬಂತು. ಎರಡು ತುದಿ ಸೇರಿಸಿ ಲಾಕ್ ಕೂರಿಸಿ, ಚೈನು ಎಷ್ಟು ಸಡಿಲವಿದೆಯೆಂದು ಬೆರಳಿನಿಂದ ಎತ್ತಿ ನೋಡಿ, ಚಕ್ರದ ನಟ್ಟನ್ನು ಬಿಗಿದಳು.

ಅವನು ರೆಪ್ಪೆ ಬಡಿಯದೆ ನೋಡಿದ. ಉಪ್ಪಿಟ್ಟು ತಿನ್ನುವಾಗಲೂ ಒಂದು ಮಾತೂ ಆಡಲಿಲ್ಲ. ಹೊರಟುಹೋದ.

ವಾರ ಕಳೆದ ಮೇಲೆ ಸಂಬಂಧ ತಂದಿದ್ದ ಚಿಕ್ಕಬಸಪ್ಪ ಸುದ್ದಿ ಹೇಳಿದರು. “ಮನೆಗೆ ಸೊಸೆ ಬೇಕು, ಮೆಕ್ಯಾನಿಕ್ ಬ್ಯಾಡ ಅಂದವ್ರೆ ಕಣವ್ವ.”

‘ಅದಕ್ಕೇ ಅಷ್ಟು ದಿಟ್ಟಿಸಿ ನೋಡಿದ್ದಾ? ಹೋಗ್ಲಿ, ನನಗೇನು...’ ಅಂದುಕೊಂಡಳು ಗೌರಿ. ಆದರೂ ಕಣ್ಣು ತುಂಬಿತು.

ಇನ್ನೆರಡು ವಾರ ಕಳೆದವು. ಭಾನುವಾರ ಮನೆ ಮುಂದೆ ಬೈಕೊಂದು ನಿಂತಿತು. ಮಹದೇವಪ್ರಸಾದ್! ಹಿಂದೆ ಅವನ ತಾಯಿ.

“ಯಾಕ್ ಬಂದ್ರಿ?” ಗೌರಿ ಬಾಗಿಲಲ್ಲೇ ನಿಂತು ಕೇಳಿದಳು. “ನಿಮ್ಗೆ ಮೆಕ್ಯಾನಿಕ್ ಬೇಡ್ವಲ್ಲ!”

“ಆ ಮಾತು ನಂದಲ್ಲ...”

“ನಂದು ಕಣವ್ವ” ಎಂದರು ತಾಯಿ. “ಇವ್ನು ಬೈಕಿನ ಚೈನು ಮನೇಲೇ ಬದಲಾಯಿಸ್ತೀನಿ ಅಂತ ಎರಡು ಭಾನ್ವಾರ ಕುಂತ. ಗೆಣ್ಣೆಲ್ಲ ತರಚ್ಕೊಂಡ, ಆಗ್ಲಿಲ್ಲ. ‘ನೋಡವ್ವ, ಆ ಹುಡ್ಗಿ ಹತ್ತೇ ನಿಮಿಷಕ್ಕೆ ಮಾಡಿದ್ದು ಇದನ್ನೇ’ ಅಂದ. ಅವತ್ತು ನನ್ ಕಣ್ಗೆ ಬರೀ ಕೊಳೆ ಕಂಡಿತ್ತು... ತಪ್ಪಾಯ್ತು.”

ಅವಳ ಕೈ ಅದುಮಿ, ಚೆಲುವಮ್ಮನನ್ನು ಕೂಗುತ್ತಾ ಒಳಗೆ ನಡೆದರು.

“ಮತ್ತೆ ನೀವ್ಯಾಕೆ ಅವತ್ತು ಮಾತಾಡ್ಲಿಲ್ಲ?”

“ಮಾತೇ ಹೊರಡ್ಲಿಲ್ಲ ಕಣ್ರೀ. ಅಷ್ಟು ಚೆಂದ ಕೆಲ್ಸ ಮಾಡೋರ್ನ ನಾನು ನೋಡೇ ಇರ್ಲಿಲ್ಲ.”

ಗೌರಿ ತಲೆ ತಗ್ಗಿಸಿಯೇ ಹೇಳಿದಳು. “ಮದ್ವೆ ಆದ್ರೂ ಈ ಕೆಲ್ಸ ಬಿಡಲ್ಲ ನಾನು. ಹಾಡಿ ಮಕ್ಳು ನನ್ನೇ ಕಾಯ್ತಿರ್ತವೆ.”

“ನಿಮ್ಮೂರಿಗೆ ಹತ್ರ ಆಗ್ಲಿ ಅಂತ ಪಿರಿಯಾಪಟ್ಟಣಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದೀನಿ. ನೀವು ಒಪ್ಪದೇ ಇದ್ರೆ... ಸುಮ್ನೆ ಪಾಠ ಹೇಳ್ಕೊಂಡು ಅಲ್ಲೇ ಇರ್ತೀನಿ.”

ಅಳು ಬರುವಂತಿದ್ದ ಅವಳಿಗೆ ನಗು ಬಂತು.

“ಒಳಗ್ ಬನ್ನಿ, ಊಟ ಮಾಡೋರಂತೆ.”

“ಇವತ್ತೊಂದಿನಾನಾ?”

“...ದಿನಾ ಅಂದ್ರೆ ಬತ್ತೀರಾ?”

“ಬತ್ತೀನಿ, ಗೌರಿ.”