ಕೌದಿ ಒಗೆದ ದಿನದ ಹಾಡು

"ಖಾಲಾ, ನಾ ಕಳ್ಳಿ ಥರ ಕಾಣ್ತೀನೇನು?"

ಚಪ್ಪಲಿ ಬಿಡುವುದಕ್ಕೂ ಮುಂಚೆ ನಯೀಮ ಕೇಳಿದ ಮಾತು ಅದು. ಭಾನುವಾರ ಬೆಳಿಗ್ಗೆ ಹತ್ತರ ಸುಮಾರು. ನಾನು ಅಕ್ತರಬಿಯವರ ಹೊಲಿಗೆ ಅಂಗಡಿಯಲ್ಲಿ ಕೂತು ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ನನ್ನ ಸಣ್ಣ ಮಗಳು ಚೂರು ಬಟ್ಟೆಗಳ ರಾಶಿಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು.

ಅಕ್ತರಬಿ ಮಿಷನ್ನು ನಿಲ್ಲಿಸಿದರು. ಕೂಡ್ಲಿಗಿಯ ಜನಕ್ಕೆ ಅವರು ಟೇಲರ್ ಅಷ್ಟೆ. ನಮ್ಮ ಓಣಿಯಲ್ಲಿ ಮಾತ್ರ ಉಂಗುರ ಕಾಣೆಯಾದರೂ ಆಡು ಕಾಣೆಯಾದರೂ ಮೊದಲು ಹೋಗುವುದು ಅವರ ಹತ್ತಿರ. ಗುಂಡಿ, ಕಾಜಾ, ಹುಕ್ಕು ಹಚ್ಚಿಕೊಡುತ್ತ ನಾನು ಅವರ ಬಲಗೈಯಾಗಿ ಆರು ವರ್ಷವಾಗಿತ್ತು. ಎಷ್ಟೋ ಗುಟ್ಟುಗಳು ಆ ಅಂಗಡಿಯಲ್ಲಿ ಬಿಚ್ಚಿಕೊಂಡದ್ದನ್ನು ನೋಡಿದ್ದೆ.

"ಮೊದ್ಲು ಕೂಡು. ಸುಮಂಗಲಾ, ಆ ಬಟ್ಟಿ ಸರಿಸವ್ವ," ಎಂದರು.

ಸ್ಟೂಲಿನ ಮೇಲೆ ಬಂಗಾರದ ಬಣ್ಣದ, ಮಿರಮಿರ ಮಿಂಚುವ ಬಟ್ಟೆಯ ಸುರುಳಿ ಇತ್ತು. ಕತ್ತರಿ ತಾಗಿರಲಿಲ್ಲ. "ಇದ್ಯಾರದ್ರಿ?" ಎಂದೆ.

"ದುರುಗೇಶಂದು. ಜಾಕೀಟು ಹೊಲೀರಿ, ಬೆನ್ನಿಗೆ ನನ್ನ ಹೆಸರು ಬರೀರಿ ಅಂತ ತಂದ್ಕೊಟ್ಟಿದ್ದ. ಆಮ್ಯಾಲೆ ನಾವು ಕೌದಿ ಒಗಿಯಾಕ ಹೊಂಟ ದಿನ ಬೆಳಿಗ್ಗೆ ಬಂದು, ಸದ್ಯ ಕತ್ತರಿಸಬ್ಯಾಡ್ರಿ ಅಂದ."

ದುರುಗೇಶನ ಹೆಸರು ಕೇಳಿದ್ದೇ ನಯೀಮಳ ಕಣ್ಣು ತುಂಬಿತು.

ದುರುಗೇಶ ನಮ್ಮ ಓಣಿಯ ಹಂಪಮ್ಮನ ಮಗ. ಮದುವೆ ಮೆರವಣಿಗೆಗಳಲ್ಲಿ ಡಿಜೆ ಗಾಡಿಯ ಮೇಲೆ ನಿಂತು ಮೈಕು ಹಿಡಿದು ಕೂಗುತ್ತಿದ್ದವನು, 'ಬಿಸಿಲು ದುರ್ಗ' ಎಂಬ ಹೆಸರಿನಲ್ಲಿ ರ‍್ಯಾಪ್ ಹಾಡತೊಡಗಿದ. ಕೊಟ್ಟೂರಿನ ಮಿರ್ಚಿಯ ಮೇಲೆ ಕಟ್ಟಿದ ಮೊದಲ ಹಾಡನ್ನು ಒಂಬತ್ತು ಲಕ್ಷ ಜನ ನೋಡಿದರು. ಹಡಗಲಿಯಿಂದ ಹರಪನಹಳ್ಳಿಯವರೆಗೆ ಎಲ್ಲಿ ಕಾಲೇಜು ಡೇ ಇದ್ದರೂ ಅವನಿಗೆ ಕರೆ ಬರುತ್ತಿತ್ತು. ಮುಂದಿನ ಎರಡು ಹಾಡು ಯಾರೂ ಕೇಳಲಿಲ್ಲ, ಕರೆಗಳೂ ನಿಂತವು. ನಾಲ್ಕನೆಯದು 'ಬಿಸಿಲ ಪಾರ್ಟಿ'. ಅದನ್ನು ಬೆಂಗಳೂರಿನ ಒಂದು ಕಂಪನಿ ಹಬ್ಬಕ್ಕೆ ಬಿಡುಗಡೆ ಮಾಡಲು ಒಪ್ಪಿತ್ತು. ಹಾಡಿನ ಬೀಟು ಕಟ್ಟಿದವಳು ನಯೀಮ, ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟಿರುವ ಉಸ್ಮಾನ್ ಸಾಬರ ಮಗಳು.

"ನಿನ್ನೆ ಯಾವನೋ ಹೊಸ ಚಾನೆಲ್‌ನಾಗ ಇಡೀ ಹಾಡು ಹಾಕ್ಯಾನ ಖಾಲಾ," ಎಂದಳು. "ಕಂಪನಿಯೋರು ಒಪ್ಪಂದ ಮುರದ್ರು. ಹಾಡಿನ ಫೈಲ್ ನನ್ನ ಲ್ಯಾಪ್‌ಟಾಪ್ ಬಿಟ್ಟು ಇನ್ನೆಲ್ಲೂ ಇಲ್ಲ, ಅದಕ್ಕ ನಾನೇ ಮಾರೀನಿ ಅಂತ ದುರುಗೇಶಣ್ಣನ ಮ್ಯಾನೇಜರ್ ಕ್ರಾಂತಿಕುಮಾರಣ್ಣ ಎಲ್ಲಾರ ಮುಂದ ಅಂದ. ಅಬ್ಬಾ ಲ್ಯಾಪ್‌ಟಾಪ್ ಕಸಗೊಂಡು ಗ್ಯಾರೇಜಿನ ಪಾನಾ ಪೆಟ್ಟಿಗ್ಯಾಗ ಇಟ್ಟು ಬೀಗ ಹಾಕ್ಯಾರ. ನಾಳಿ ಹೊಸಪೇಟಿಗೆ ಒಯ್ದು ಮಾರ್ತಾರಂತ. ಹಾಡಿನ ಸಹವಾಸ ಇಲ್ಲಿಗೆ ಸಾಕು ಅಂದಾರ."

"ನಾಳಿ ಅಂದ್ರ ನಮಗ ಇವತ್ತೊಂದು ದಿನ ಐತಿ. ಹಾಡು ಹಚ್ಚು, ಕೇಳೋಣು."

ನಯೀಮ ಫೋನಿನಲ್ಲಿ ಹಾಡು ಹಚ್ಚಿದಳು. ದುರುಗೇಶನದೇ ದನಿ. ಆದರೆ ಕಾಳು ತುಂಬಿಡುವ ನೆಲದಡಿಯ ಖಾಲಿ ಹಗೇವಿನೊಳಗೆ ನಿಂತು ಹಾಡಿದಂತೆ ಪ್ರತಿ ಮಾತೂ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು.

"ಇದು ನನ್ನ ಫೈಲ್ ಅಲ್ಲ. ಬೀಟು ಯಾವುದೋ ಫೋನಿನ ಸ್ಪೀಕರಿಂದ ಬರಾಕತ್ತೈತಿ. ದುರುಗೇಶಣ್ಣಗ ಪ್ರಾಕ್ಟೀಸ್ ಮಾಡಾಕಂತ ಬೀಟು ಕಳಿಸಿದ್ದೆ. ಅದನ್ನ ಹಚ್ಚಿ ಅಂವ ಹಾಡುವಾಗ ಯಾರೋ ಕದ್ದು ರೆಕಾರ್ಡ್ ಮಾಡ್ಯಾರ," ಎಂದಳು. "ದನಿ ಗೊಂಯ್ ಅಂತೈತಲ್ಲ, ಅದು ನಮ್ಮ ಗ್ಯಾರೇಜಿನ ತಗಡಿನ ಶೆಡ್ ಅಂತಾನ ಕ್ರಾಂತಿಕುಮಾರಣ್ಣ. ಯಾಕಂದ್ರ ಹಂಪಮ್ಮನ ಮನಿ ಕೋಣ್ಯಾಗ ಗೊಂಯ್ ಅನ್ನಂಗಿಲ್ಲ. ಗೋಡಿ ತುಂಬ ಕೌದಿ ಹಾಕೀವಿ."

"ಶೆಡ್ಡಿನಾಗ ಅಂವ ಎಂದರ ಹಾಡ್ಯಾನ?"

"ಒಂದ್ಸಲ, ತಿಂಗಳ ಹಿಂದ. ಆದ್ರ ಆವಾಗ ಮೂರನೇ ಚರಣ ಇರ್ಲೇ ಇಲ್ಲ. ಅದನ್ನ ಬರದಿದ್ದು ಹ್ವಾದ ವಾರದ ಮಂಗಳವಾರ."

ಕದ್ದ ಹಾಡಿನಲ್ಲಿ ಮೂರನೇ ಚರಣವೂ ಇತ್ತು. 'ಬಸ್‌ಸ್ಟ್ಯಾಂಡ್ ನಂದು, ಬಿಸಿಲು ನಂದು, ಬ್ಯಾಗಿನಾಗೊಂದು ಮೈಕು ನಂದು' ಎಂದು ಶುರುವಾಗುವ ಚರಣ. ಅಕ್ತರಬಿ ಅದನ್ನು ಎರಡು ಸಲ ಕೇಳಿದರು. ಕೇಳುವಾಗ ಬೆರಳು ಮಿಷನ್ನಿನ ಹಲಗೆಯ ಮೇಲೆ ಏನನ್ನೋ ಎಣಿಸುತ್ತಿತ್ತು.

"ನಡೀರಿ, ಆ ಕೋಣಿ ನೋಡೋಣು," ಎಂದು ಎದ್ದರು.

ಹಂಪಮ್ಮನ ಹಿಂದಿನ ಕೋಣೆ ಮೊದಲು ಜೋಳದ ಚೀಲ ಇಡುವ ಜಾಗವಾಗಿತ್ತು. ಈಗ ಅಲ್ಲಿ ಒಂದು ಮೈಕು, ಒಂದು ಮೇಜು, ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಒಂಬತ್ತು ಕೌದಿ. ಹಳೆ ಸೀರೆ, ಪಂಚೆ, ಲಂಗದ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ದಪ್ಪನೆಯ ಹೊದಿಕೆಗಳು. ಒಳಗೆ ಕಾಲಿಟ್ಟರೆ ನಮ್ಮ ಮಾತು ನಮ್ಮ ಬಾಯಿಯ ಹತ್ತಿರವೇ ಸತ್ತುಹೋದಂತಾಗುತ್ತಿತ್ತು. ನಾನು ಒಂದು ಕೌದಿಗೆ ಮುಖವಿಟ್ಟೆ. ಸೋಪಿನ, ಬಿಸಿಲಿನ ವಾಸನೆ.

"ಹತ್ತು ದಿನದ ಹಿಂದ ನಿಮ್ಮ ಸಂಗಟ ಒಗದವು ಇವ," ಎಂದಳು ಹಂಪಮ್ಮ. "ಸಂಜಿಗೆ ಒಣಗಿದ್ವು, ನಾನೇ ಮೊಳಿಗೆ ಸಿಗಸೀನಿ."

ಹಬ್ಬಕ್ಕೆ ಮುಂಚೆ ನಮ್ಮ ಓಣಿಯ ಎಲ್ಲ ಮನೆಗಳ ಕೌದಿಗಳೂ ಒಂದೇ ದಿನ ಹೊರಬೀಳುತ್ತವೆ. ಹೋದ ವಾರದ ಗುರುವಾರ ಟ್ರ್ಯಾಕ್ಟರಿಗೆ ಕೌದಿ ಹೇರಿ, ಗಂಗಪ್ಪನ ಹೊಲದ ಬೋರಿನ ತೊಟ್ಟಿಗೆ ಹೋಗಿದ್ದೆವು. ಅಕ್ತರಬಿ, ನಾನು, ಹಂಪಮ್ಮ, ಓಣಿಯ ಅಷ್ಟೂ ಹೆಂಗಸರು. ನಯೀಮಳೂ ಬಂದಿದ್ದಳು. ನಾವು ಕಲ್ಲಿಗೆ ಕೌದಿ ಬಡಿಯುವ ದಪ್ ದಪ್ ಸದ್ದನ್ನು ಫೋನಿಗೆ ತುಂಬಿಕೊಳ್ಳುತ್ತ ಇಡೀ ದಿನ ಕಲ್ಲಿನಿಂದ ಕಲ್ಲಿಗೆ ಓಡಾಡುತ್ತಿದ್ದಳು. "ಒಂದು ಕೌದಿನರ ಹಿಂಡವ್ವ, ಬರೀ ಸದ್ದು ಒಯ್ತಿ," ಎಂದು ಹಂಪಮ್ಮ ಅವಳ ಮೇಲೆ ನೀರು ಎರಚಿದ್ದಳು. ತನ್ನ ಮಗ ಗಂಟಲು ನೋವೆಂದು ಮಲಗಿದ್ದಾನೆ, ಮೆಣಸಿನ ಕಷಾಯ ಕುಡಿಸಿ ಬಂದೆ ಎಂದೂ ಹೇಳಿದ್ದಳು.

ಅಕ್ತರಬಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಗೋಡೆಯ ಸ್ವಿಚ್ಚು ಒತ್ತಿದರು. ಮೇಲೆ ಫ್ಯಾನು ತಿರುಗತೊಡಗಿತು. ಎರಡು ಸಲ ಟಕ್ ಟಕ್ ಎಂದು, ಒಂದು ಕ್ಷಣ ಸುಮ್ಮನಿದ್ದು, ಮತ್ತೆ ಟಕ್ ಟಕ್.

ನಯೀಮ ಓಡಿಬಂದು ಫ್ಯಾನು ಆರಿಸಿದಳು. ಆಮೇಲೆ ತಾನೇ ನಾಚಿದಳು. "ರೂಢಿ ಆಗ್ಯದ ಖಾಲಾ. ಇಲ್ಲಿ ಫ್ಯಾನ್ ಹಾಕಿದ್ರ ಮೈಕಿನಾಗ ಬರ್ತೈತಿ."

"ಹೌದೌದು," ಎಂದಳು ಹಂಪಮ್ಮ. "ಈಕಿ ಇದ್ದಾಗ ನನ್ನ ಮಗ ಬೆವರಿ ಬೆವರಿ ಅರ್ಧ ಆಗ್ತಾನ. ಪಾಪ, ಗಾಳಿ ಇಲ್ದ ಅವಗ ಒಂದು ಗಳಿಗಿ ಆಗಂಗಿಲ್ಲ."

ಅಕ್ತರಬಿ ನಯೀಮಳ ಫೋನು ಇಸಿದುಕೊಂಡು, ಹಾಡು ಹಚ್ಚಿ, ಕಿವಿಗೆ ಒತ್ತಿ ಹಿಡಿದು ಬಾಗಿಲಲ್ಲಿ ನಿಂತರು. ಹೊರಗೆ ಬಂದ ಮೇಲೆ ಇಷ್ಟೇ ಹೇಳಿದರು: "ಸುಮಂಗಲಾ, ನಾಲ್ಕಕ್ಕ ಎಲ್ಲಾರೂ ಇದೇ ಕೋಣಿಗೆ ಬರ್ಲಿ. ಉಸ್ಮಾನ್ ಸಾಬ್ರಿಗೆ ಬೀಗದ ಕೈ ತರಾಕ ಹೇಳು."

ನಾನು ಮಗಳಿಗೆ ಉಣಿಸಿ, ಪಾತ್ರೆ ತೊಳೆದು, ಗ್ಯಾರೇಜಿಗೆ ಹೋಗಿಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ಅನುಮಾನವೆಲ್ಲ ಕ್ರಾಂತಿಕುಮಾರನ ಮೇಲೆ ಇತ್ತು. ದುರುಗೇಶನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವವನು ಅವನೇ. ಬೆರಳು ತೋರಿಸಿದ ಮೊದಲಿಗನೂ ಅವನೇ.

ನಾಲ್ಕು ಗಂಟೆಗೆ ಕೋಣೆ ತುಂಬಿತು. ಉಸ್ಮಾನ್ ಸಾಬರು ಗ್ರೀಸು ಒರೆಸಿದ ಕೈಯಲ್ಲೇ ಬಂದು ಮಗಳಿಂದ ದೂರ ಕೂತರು. ಹಂಪಮ್ಮ ಹೊಸ್ತಿಲ ಮೇಲೆ. ದುರುಗೇಶ ಮೈಕಿನ ಪಕ್ಕ ಗೋಡೆಗೆ ಒರಗಿದ್ದ. ಕ್ರಾಂತಿಕುಮಾರ ಕೈಗಡಿಯಾರ ನೋಡಿಕೊಂಡ.

"ಅಮ್ಮಾ, ಬೇಗ ಮುಗಸ್ರಿ. ಪಾರ್ಟಿ ಹಾಡಿಗೆ ಆಯುಷ್ಯ ಒಂದೇ ಮದ್ವಿ ಸೀಸನ್ನು. ನಾ ಈಗ ಬ್ಯಾರೆ ಹಾಡುಗಾರನ್ನ ಹುಡುಕ್ಬೇಕು."

"ಆತಪ್ಪ. ನೀನೇ ಹೇಳು, ಹ್ವಾದ ವಾರ ನೀ ಎಲ್ಲಿದ್ದಿ?"

"ಬೆಂಗಳೂರಾಗ. ಬುಧವಾರದಿಂದ ಶನಿವಾರ ತನಕ, ಕಂಪನಿಯೋರ ಕೂಡ. ಬುಧವಾರ ಸಂಜಿ ದುರುಗೇಶಗ ಫೋನೂ ಮಾಡಿದ್ದೆ, ಒಪ್ಪಂದದ ಕಾಗದದಾಗ ಒಂದು ಸಣ್ಣ ಬದಲಾವಣಿ ಐತಿ ಅಂತ."

"ಆ ಸಣ್ಣದು ಆಮ್ಯಾಲೆ ಕೇಳ್ತೀನಿ," ಎಂದು ಅಕ್ತರಬಿ ನಮ್ಮೆಲ್ಲರ ಕಡೆ ತಿರುಗಿದರು. "ಕದ್ದ ಹಾಡಿನಾಗ ಮೂರನೇ ಚರಣ ಐತಿ. ಅಂದ್ರ ಮಂಗಳವಾರ ಆದ ಮ್ಯಾಲೆ ಹಾಡಿದ್ದು. ತಿಂಗಳ ಹಿಂದ ಶೆಡ್ಡಿನಾಗ ಹಾಡಿದ್ದು ಅಲ್ಲ. ಇನ್ನ ಎಲ್ಲಿ ಹಾಡಿದ್ದು? ಹಂಪಕ್ಕ, ಫ್ಯಾನ್ ಹಾಕು."

ಟಕ್ ಟಕ್. ಮೌನ. ಟಕ್ ಟಕ್.

ಮುಂಚೆಯೇ ಸನ್ನೆ ಮಾಡಿದ್ದರಿಂದ ನಯೀಮ ಸುಮ್ಮನೆ ಕೂತಿದ್ದಳು. ಅಕ್ತರಬಿ ಫ್ಯಾನು ಆರಿಸಲು ಹೇಳಿ, ಹಾಡು ಹಚ್ಚಿ, ಮೂರನೇ ಚರಣದ ಮುಂಚಿನ ಬಿಡುವಿನಲ್ಲಿ ಫೋನನ್ನು ಉಸ್ಮಾನ್ ಸಾಬರ ಕಿವಿಗೆ ಹಿಡಿದರು. ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುವ ಕಿವಿ ಅದು.

"ಇದೇ ಫ್ಯಾನು," ಎಂದರು ಅವರು ತಡಮಾಡದೆ. "ಬೇರಿಂಗ್ ಹೋಗ್ಯದ."

"ಅಂದ್ರ ಇದೇ ಕೋಣಿ. ಆದ್ರ ಈ ಕೋಣಿ ಗೊಂಯ್ ಅನ್ನಂಗಿಲ್ಲ ಅಂತ ನೀವೆಲ್ಲಾರೂ ಅಂದ್ರಿ. ಒಂದು ದಿನ ಅಂದೈತಿ. ಗೋಡಿ ಮ್ಯಾಲೆ ಒಂದೂ ಕೌದಿ ಇಲ್ಲದ ದಿನ. ಹಂಪಕ್ಕ ಬೆಳಿಗ್ಗೆ ಬಿಚ್ಚಿ, ಸಂಜಿಗೆ ಮತ್ತೆ ಸಿಗಸಿದ ಗುರುವಾರ."

ನಾನೇ ಆ ಕೌದಿಗಳನ್ನು ಟ್ರ್ಯಾಕ್ಟರಿಗೆ ಎತ್ತಿಕೊಟ್ಟಿದ್ದೆ.

"ಆ ದಿನ ನಯೀಮ ಸೂರ್ಯ ಮುಳುಗೋ ತನಕ ನಮ್ಮ ಕಣ್ಣ ಮುಂದ ಇದ್ಲು. ಇರದಿದ್ರೂ ನಾ ನಂಬ್ತಿರ್ಲಿಲ್ಲ. ಈಕಿ ರೆಕಾರ್ಡ್ ಮಾಡಿದ್ರ ಮೊದ್ಲು ಫ್ಯಾನ್ ಆರ್ತಿತ್ತು. ಕ್ರಾಂತಿಕುಮಾರ ಬೆಂಗಳೂರಾಗ ಇದ್ದ. ಓಣ್ಯಾಗ ಹೆಣ್ಮಕ್ಕಳಿಲ್ಲ, ಮನ್ಯಾಗ ತಾಯಿ ಇಲ್ಲ. ಹೊರಗಿನೋರು ಕದ್ದು ರೆಕಾರ್ಡ್ ಮಾಡ್ಬೇಕಂದ್ರ, ಗಂಟಲು ನೋವಂತ ಮಲಗಿದೋನು ಎದ್ದು, ಮೂರೂ ಚರಣ ಒಂದೇ ಉಸಿರಿನಾಗ ಯಾರ ಮುಂದ ಹಾಡಿದ?"

ಯಾರೂ ದುರುಗೇಶನ ಕಡೆ ನೋಡಲಿಲ್ಲ. ಅವನೂ ಯಾರನ್ನೂ ನೋಡಲಿಲ್ಲ.

"ಹಾಡಿದೋನೂ ಅಂವನೇ, ರೆಕಾರ್ಡ್ ಮಾಡಿದೋನೂ ಅಂವನೇ," ಎಂದರು ಅಕ್ತರಬಿ, ಈಗ ದನಿ ತಗ್ಗಿಸಿ. "ಆದ್ರ ತನ್ನ ಹಾಡು ತಾನೇ ಯಾಕ ಕದೀತಾನ? ಅದಕ್ಕ ಉತ್ತರ ನನ್ನ ಅಂಗಡ್ಯಾಗೇ ಬಿದ್ದಿತ್ತು. ಹಾಡು ಹೊರಗ ಬಂದಿದ್ದು ನಿನ್ನೆ. ಜಾಕೀಟು ಬ್ಯಾಡ ಅಂದಿದ್ದು ಆ ಗುರುವಾರ ಬೆಳಿಗ್ಗೆ. ಬೆನ್ನಿಗೆ ಹೆಸರು ಬರೆಸೋನು ಬ್ಯಾಡ ಅಂದ್ರ, ಸ್ಟೇಜು ತನಗಿಲ್ಲ ಅಂತ ಅವಗ ಆಗಲೇ ಗೊತ್ತಿತ್ತು. ಈಗ ಹೇಳಪ್ಪ ಕ್ರಾಂತಿಕುಮಾರ, ಆ ಸಣ್ಣ ಬದಲಾವಣಿ ಏನು?"

ಕ್ರಾಂತಿಕುಮಾರ ಗಡಿಯಾರ ನೋಡುವುದನ್ನು ಬಿಟ್ಟ. "ಹಾಡು ಇವಂದು. ದನಿ ಬ್ಯಾರೆಯವಂದು. ಹೆಸರಿರೋ ಹಾಡುಗಾರನ ಕಡಿಂದ ಹಾಡಸ್ತೀವಿ ಅಂದ್ರು. ಇವನ ಹೆಸರು ಕೆಳಗ ಬರ್ತಿತ್ತು, ಸಣ್ಣ ಅಕ್ಷರದಾಗ. ದಂಧೇನ ಹಂಗ ಅದ ಅಮ್ಮಾ. ಎರಡು ಹಾಡು ಬಿದ್ದೋನಿಗೆ ಅಷ್ಟು ಸಿಕ್ಕಿದ್ದೇ ದೊಡ್ಡದು."

ದುರುಗೇಶ ಗೋಡೆಗುಂಟ ಜಾರಿ ಕೆಳಗೆ ಕೂತ.

"ಬಸ್‌ಸ್ಟ್ಯಾಂಡ್ ನಂದು, ಬಿಸಿಲು ನಂದು ಅಂತ ಬರದೀನಿ," ಎಂದ. "ಕೂಡ್ಲಿಗಿ ಬಿಸಿಲು ನೋಡದೋನು ಅದನ್ನ ಹಾಡ್ತಾನಂದ್ರು. ಕಂಪನಿ ಬಿಡೋಕ್ಕಿಂತ ಮುಂಚೆ ನನ್ನ ದನ್ಯಾಗ ಒಂದ್ಸಲ ಜನ ಕೇಳ್ಲಿ ಅಂತ ಹಾಡ್ಕೊಂಡೆ. ಒಂದು ವಾರ ಫೋನಿನಾಗೇ ಇಟ್ಟಿದ್ದೆ. ನಿನ್ನೆ ತಡಿಯಾಕ ಆಗ್ಲಿಲ್ಲ, ಹೊಸ ಚಾನೆಲ್ ಮಾಡಿ ಹಾಕಿಬಿಟ್ಟೆ. ನಯೀಮನ ಮ್ಯಾಲೆ ಬರ್ತೈತಿ ಅಂತ ಗೊತ್ತಿರ್ಲಿಲ್ಲ ದೊಡ್ಡಮ್ಮ."

"ಬಂದ ಮ್ಯಾಲೆ ಗೊತ್ತಾತಲ್ಲ," ಎಂದರು ಅಕ್ತರಬಿ. "ನಿನ್ನೆಯಿಂದ ಇಲ್ಲಿ ತನಕ ಬಾಯಿ ಎಲ್ಲಿಟ್ಟಿದ್ದಿ? ನಿನ್ನ ದನಿ ಕಸಗೊಂಡ್ರು ಅಂತ ನೀ ಇಷ್ಟು ಸಂಕಟ ಪಟ್ಟಿ. ಈ ಹುಡುಗಿ ಕೈಯಾಗಿಂದು ಕಸಗೊಳ್ಳುವಾಗ ಸುಮ್ನ ನಿಂತು ನೋಡಿದ್ಯಲ್ಲ."

ಆಗ ಮಾತಾಡಿದವಳು ಹೊಸ್ತಿಲ ಮೇಲಿದ್ದ ಹಂಪಮ್ಮ.

"ನೋವಿಲ್ಲದ ಗಂಟಲಿಗೆ ಕಷಾಯ ಕುಡಿಸಿ ಹೋದ್ನಲ್ಲೋ," ಎಂದಳು, ಅಷ್ಟೆ.

ಆ ಮಾತಿಗೆ ದುರುಗೇಶ ಮುಖ ಮುಚ್ಚಿಕೊಂಡ. ನನ್ನ ಮಗಳು ನನ್ನ ತೊಡೆಯಿಂದ ಇಳಿದು, ಅವನ ಹತ್ತಿರ ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ನಾನು ಅವಳನ್ನು ಕರೆಯಲಿಲ್ಲ.

ಉಸ್ಮಾನ್ ಸಾಬರು ಜೇಬಿನಿಂದ ಬೀಗದ ಕೈ ತೆಗೆದರು. ಆಮೇಲೆ ಎದ್ದು ಬಂದು ಮಗಳ ಮಡಿಲಲ್ಲಿ ಇಟ್ಟರು. "ಫ್ಯಾನಿನ ಸದ್ದು ನಾ ಗುರ್ತ ಹಿಡಿದೆ," ಎಂದರು. "ಮಗಳು ಸುಳ್ಳಾಡಂಗಿಲ್ಲ ಅನ್ನೋದು ಹಿಡೀಲಿಲ್ಲ."

"ಇರ್ಲಿ ಬಿಡ್ರಿ ಅಬ್ಬಾ," ಎಂದಳು ನಯೀಮ. ಕೈಯನ್ನು ಮಾತ್ರ ಗಟ್ಟಿಯಾಗಿ ಮುಚ್ಚಿದಳು.

"ನಾ ಈಗ ಏನ್ ಮಾಡ್ಲಿ ದೊಡ್ಡಮ್ಮ?" ದುರುಗೇಶ ಕೇಳಿದ.

"ಕಂಪನಿ ಹೋತು, ಅದು ನೀನೇ ಕಳ್ಕೊಂಡಿದ್ದು. ಈಕಿ ಹೆಸರು ಕೆಡಸೀಯಲ್ಲ, ಅದನ್ನ ಕೆಡಿಸಿದ ಬಾಯಿಲೇ ನೆಟ್ಟಗ ಮಾಡು. ಹಾಡು ಕೇಳಿದೋರೆಲ್ಲಾ ಇದನ್ನೂ ಕೇಳ್ಬೇಕು. ಬೀಟು ಯಾರದು, ತಪ್ಪು ಯಾರದು, ಎರಡೂ ಹೇಳು."

ದುರುಗೇಶ ಎದ್ದು ಮೈಕಿನ ಮುಂದೆ ನಿಂತ. ಮೆರವಣಿಗೆಯಲ್ಲಿ ಸಾವಿರ ಜನರೆದುರು ಕೂಗಿದವನ ಹಣೆಯಲ್ಲಿ ಬೆವರು ಸುರಿಯುತ್ತಿತ್ತು. ನೋಡಲಾರದೆ ಹಂಪಮ್ಮ ಕೈಚಾಚಿ ಫ್ಯಾನಿನ ಸ್ವಿಚ್ಚು ಒತ್ತಿದಳು. ಟಕ್ ಟಕ್.

ಅವನು ಬಾಯಿ ತೆರೆದ. "ನಾನು ಬಿಸಿಲು ದುರ್ಗ. ಅಲ್ಲ, ನಾನು ದುರುಗೇಶ..."

"ತಡಿ," ಎಂದಳು ನಯೀಮ.

ಎಲ್ಲರೂ ಅವಳತ್ತ ನೋಡಿದೆವು. ಅವಳು ಎದ್ದು ಹೋಗಿ ಫ್ಯಾನು ಆರಿಸಿದಳು. ರೆಕ್ಕೆಗಳು ನಿಧಾನವಾಗಿ ತಿರುಗಿ, ಕೊನೆಯ ಟಕ್ ಎಂದು ನಿಲ್ಲುವವರೆಗೆ ಕಾದಳು. ಕೆಳಗೆ ಜಾರಿದ್ದ ಒಂದು ಕೌದಿಯನ್ನು ಎತ್ತಿ ಮೊಳೆಗೆ ಸಿಗಿಸಿದಳು. ಮೈಕಿನ ವೈರನ್ನು ತನ್ನ ಫೋನಿಗೆ ಸಿಗಿಸಿ, ಮೈಕನ್ನು ಅವನ ಬಾಯಿಗೆ ಒಂದು ಗೇಣು ಹತ್ತಿರ ತಂದಳು.

"ಈಗ ಹೇಳಣ್ಣ. ಸ್ವಚ್ಛ ಬರ್ಲಿ."